ಕಾಯಿಲೆ ಇಲ್ಲ ಅನ್ನಬೇಡಿ

ನನ್ನ ಗಂಡ ನನಗೆ ಮರ್ಯಾದೆ ಕೊಟ್ಟು ಮಾತಾಡಲು ಶುರು ಮಾಡಿದ ದಿನದಿಂದ ನನಗೆ ಅವರನ್ನು ಕಂಡರೆ ಭಯ. ಮದುವೆಯಾದಾಗಿನಿಂದ ‘ಲೇ’, ‘ಏ ಇವಳೇ’, ಕೋಪ ಬಂದರೆ ‘ನಿನ್ನ ತಲೆ’ ಎಂದು ಮಾತಾಡಿಸುತ್ತಿದ್ದ ಮನುಷ್ಯ ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ನೀವು ಕಾಫಿ ಕುಡಿದ್ರಾ?” ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಹಿಂದಿನ ದಿನದ ಜಗಳಕ್ಕೆ ಬೆಣ್ಣೆ ಹಚ್ಚುತ್ತಿದ್ದಾರೆ ಅಂದುಕೊಂಡೆ. ಅವರು ನಗಲಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರನ್ನು ನೋಡುವಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದರು.

ಇವರದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ತೆಗೆದು ಮುಖಗಳೆಂದರೆ ಇವರಿಗೆ ಅಂಗೈ ಗೆರೆಯಿದ್ದ ಹಾಗೆ. ಗಲ್ಲ ಸ್ವಲ್ಪ ಎತ್ತಿ, ಕಿವಿ ಎರಡೂ ಕಾಣಬೇಕು, ನಗಬೇಡಿ. ದಿನವಿಡೀ ಅದೇ ಮಂತ್ರ. ಆ ಬೆಳಗ್ಗೆಯ ನಂತರ ಇವರು ಮನೆಯಲ್ಲಿದ್ದ ನನ್ನ ಹಳೆಯ ಫೋಟೋಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು, ಭೂತಗನ್ನಡಿ ಹಿಡಿದು, ಒಮ್ಮೆ ಫೋಟೋ ನೋಡುವುದು, ಒಮ್ಮೆ ನನ್ನನ್ನು ನೋಡುವುದು ಶುರು ಮಾಡಿದರು. ಒಂದು ಸಂಜೆ ಭೂತಗನ್ನಡಿ ಕೆಳಗಿಟ್ಟು ತುಂಬಾ ಸೌಜನ್ಯದಿಂದ ಹೇಳಿದರು.

“ನೀವು ತುಂಬಾ ಚೆನ್ನಾಗಿ ಮಾಡ್ತಿದೀರಿ. ಧ್ವನಿ, ನಡಿಗೆ, ಕೆಮ್ಮೋದು ಕೂಡ. ಆದ್ರೆ ಕಿವಿ ಹೊಂದಲ್ಲ. ನನ್ನ ಹೆಂಡ್ತಿ ಎಲ್ಲಿದ್ದಾಳೆ ಅಂತ ಹೇಳಿಬಿಡಿ.”

ನನಗೆ ಕೋಪ ಮೂಗಿನ ತುದಿಯಲ್ಲಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಡಾಕ್ಟರುಗಳ ಕಾಗೆಕಾಲು ಅಕ್ಷರ ಓದುವ ಕೆಲಸ ನನ್ನದು, ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿ ಮನೆಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಕೂಗಾಡಿದೆ. ಮೊಣಕಾಲಿನ ಗಾಯದ ಗುರುತು ತೋರಿಸಿದೆ. ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಮಾತುಗಳನ್ನೆಲ್ಲ ನಾಚಿಕೆ ಬಿಟ್ಟು ಹೇಳಿದೆ. ಒಂದೊಂದು ಸಾಕ್ಷಿ ಕೊಟ್ಟಾಗಲೂ ಇವರ ಮುಖ ಇನ್ನಷ್ಟು ಬಿಳಿಚಿಕೊಂಡಿತು. ಇದೆಲ್ಲವನ್ನೂ ತಮ್ಮ ನಿಜವಾದ ಹೆಂಡತಿಯ ಬಾಯಿಂದ ಹೇಗೆ ಬಿಡಿಸಿಕೊಂಡರು, ಎಷ್ಟು ಹಿಂಸೆ ಕೊಟ್ಟಿರಬೇಕು ಎಂದು ಇವರು ಯೋಚಿಸುತ್ತಿದ್ದಾರೆಂದು ನನಗೆ ಆಮೇಲೆ ಹೊಳೆಯಿತು. ಅಂದಿನಿಂದ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಬೇರೆಯವರ ಜೊತೆ ಇವರು ಎಂದಿನಂತೆಯೇ ಇದ್ದರು. ಗಿರಾಕಿಗಳ ಜೊತೆ ನಗು, ಹಾಲಿನವನ ಜೊತೆ ಹರಟೆ. ಇವರ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು, “ನನ್ನ ತಮ್ಮ ಅಪ್ಪಟ ಬಂಗಾರ, ನಿನಗೇ ಏನೋ ಆಗಿದೆ ಕಣೇ” ಎಂದರು. ಅಷ್ಟಕ್ಕೇ ಬಿಡಲಿಲ್ಲ, ತಮ್ಮನಿಗೂ ಫೋನ್ ಹಚ್ಚಿ, ತಲೆಯ ನರ ಕೆಟ್ಟರೆ ಮನುಷ್ಯರು ಗುರುತು ಸಿಗದಷ್ಟು ಬದಲಾಗುತ್ತಾರೆ, ಅವಳನ್ನು ಮನೋರೋಗದ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಬುದ್ಧಿ ಹೇಳಿದರು.

ಆ ಮಾತು ಇವರ ಮನಸ್ಸಿಗೆ ನಾಟಿತು. ನನಗೂ ಅದೇ ಬೇಕಿತ್ತು. ಏಕೆಂದರೆ ಆ ಆಸ್ಪತ್ರೆಯ ಹೊಸ್ತಿಲನ್ನು ಇವರು ರೋಗಿಯಾಗಿ ಸತ್ತರೂ ತುಳಿಯುತ್ತಿರಲಿಲ್ಲ, ನನ್ನ ಜೊತೆಯವರಾಗಿ ಮಾತ್ರ ತುಳಿಯುತ್ತಿದ್ದರು. ಸರಿ, ನಾನೇ ರೋಗಿ, ನಡೀರಿ ಎಂದೆ. ಹೊರಡುವ ಮುಂಚೆ ಇವರು ತಮ್ಮ ಷರತ್ತು ಹೇಳಿದರು.

“ಡಾಕ್ಟ್ರು ಕಾಯಿಲೆ ಇದೆ ಅಂದ್ರೆ, ನೀವು ಅವಳೇ ಇರಬಹುದು ಅಂತ ಒಪ್ಕೋತೀನಿ. ಎಷ್ಟೇ ಕಷ್ಟ ಆದ್ರೂ ವಾಸಿ ಮಾಡಿಸ್ತೀನಿ. ಕಾಯಿಲೆ ಏನೂ ಇಲ್ಲ ಅಂದ್ರೆ ಮನೆಗೆ ಬರೋದು ಬೇಡ. ಸೀದಾ ಸ್ಟುಡಿಯೋಗೆ ಹೋಗಿ, ಕೂತು ಮಾತಾಡೋಣ.”

ಸ್ಟುಡಿಯೋ ಮುಚ್ಚಿ ಕೆಲವು ದಿನಗಳಾಗಿದ್ದವು. ಗಾಜಿನ ಬಾಗಿಲಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿದ್ದರು. ಹೊರಡುವ ದಿನ ಬೆಳಗ್ಗೆ ಇವರು ಫೋಟೋ ಕತ್ತರಿಸುವ ಬ್ಲೇಡನ್ನು ಕರ್ಚೀಫಿನಲ್ಲಿ ಸುತ್ತಿ ಹೆಗಲಚೀಲದೊಳಗೆ ಇಡುವುದನ್ನು ನಾನು ಬಚ್ಚಲಮನೆಯ ಬಾಗಿಲ ಸಂದಿನಿಂದ ನೋಡಿದೆ.

ಓಡಿಹೋಗಬಹುದಿತ್ತಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳುವುದು ಸುಲಭ. ಇವರು ನಿದ್ದೆಗೆಟ್ಟು ಕೆನ್ನೆಯೆಲ್ಲ ಗುಳಿ ಬಿದ್ದಿತ್ತು. ನಾನು ಬಡಿಸಿದ್ದನ್ನು ಮುಟ್ಟದೆ, ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣ ತಾವೇ ಒಡೆದು ತಿನ್ನುತ್ತಿದ್ದರು. ನಾನು ಮನೆ ಬಿಟ್ಟರೆ ಇವರನ್ನು ಕೇಳುವವರಾರು? ನನಗೆ ನನ್ನ ಜೀವವೂ ಬೇಕಿತ್ತು, ಇವರೂ ಬೇಕಿತ್ತು. ಎರಡೂ ಬೇಕೆನ್ನುವುದು ದುರಾಸೆಯೋ ಏನೋ. ಆಸ್ಪತ್ರೆಯಲ್ಲಿ ಡಾಕ್ಟರ ಜೊತೆ ಸ್ವಲ್ಪ ಹೊತ್ತು ಒಬ್ಬಳೇ ಸಿಕ್ಕರೆ ಸಾಕು, ಎಲ್ಲ ಹೇಳಿಬಿಡುತ್ತೇನೆ ಎಂಬ ಒಂದೇ ಧೈರ್ಯದ ಮೇಲೆ ಬಸ್ಸು ಹತ್ತಿದೆ.

ಕಬ್ಬಿಣದ ಬೆಂಚಿನ ಮೇಲೆ ಬೆಳಗ್ಗೆಯೆಲ್ಲ ಕೂತ ಮೇಲೆ ನಮ್ಮ ಸರದಿ ಬಂತು. ಸಣ್ಣ ಕೋಣೆ. ಮೇಜಿನ ಮೇಲೆ ಕಾಗದ ಬಿಟ್ಟರೆ ಏನೂ ಇಲ್ಲ, ಎತ್ತಿ ಎಸೆಯುವಂಥ ಒಂದು ವಸ್ತುವನ್ನೂ ಇಟ್ಟಿರಲಿಲ್ಲ. ಡಾಕ್ಟರ ಕುರ್ಚಿ ಬಾಗಿಲ ಪಕ್ಕದಲ್ಲೇ ಇತ್ತು, ರೋಗಿಯದು ಒಳಗೆ ಗೋಡೆಯ ಕಡೆಗೆ. ಏನಾದರೂ ಎಡವಟ್ಟಾದರೆ ಡಾಕ್ಟರು ಮೊದಲು ಹೊರಗೋಡಲು ಇರಬೇಕು. ಒಳ್ಳೆಯ ಏರ್ಪಾಡು. ಆದರೆ ಇವರು ತಮ್ಮ ಕುರ್ಚಿಯನ್ನು ನನ್ನ ಮತ್ತು ಬಾಗಿಲಿನ ನಡುವೆ ಎಳೆದುಕೊಂಡು ಕೂತರು. ಬಾಗಿಲಿನ ಮೇಲರ್ಧಕ್ಕೆ ಮಬ್ಬು ಗಾಜು ಹಾಕಿದ್ದರು. ಬಾಗಿಲು ಪೂರ್ತಿ ಮುಚ್ಚುತ್ತಲೂ ಇರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಒಳ್ಳೆಯವಳ ಹಾಗೆ ಕಂಡಳು, ಅದೇ ನನ್ನ ದುರದೃಷ್ಟ. ಮೊದಲು ಮನೆಯವರ ಹೇಳಿಕೆ, ಆಮೇಲೆ ರೋಗಿಯದು ಎಂದಳು. ಅಲ್ಲಿ ಹಾಗೆಯೇ. ಜೊತೆಗೆ ಬಂದವರು ಹೇಳಿದ್ದು ಮಾಹಿತಿ, ರೋಗಿ ಹೇಳಿದ್ದು ಲಕ್ಷಣ.

“ಏನು ತೊಂದರೆ ಅಂತ ಕರ್ಕೊಂಡು ಬಂದ್ರಿ?”

“ನಮ್ಮನೆಯವಳು ಮೊದಲಿನ ಹಾಗಿಲ್ಲ ಡಾಕ್ಟ್ರೇ” ಎಂದರು ಇವರು. ತೊಳೆದ ಅಂಗಿ, ಬಾಚಿದ ತಲೆ, ಮೆತ್ತಗಿನ ಮಾತು. “ನಡವಳಿಕೆಯೆಲ್ಲ ಬೇರೆ. ಪಾತ್ರೆ ಇಡೋ ಜಾಗ ಬೇರೆ. ನಗೋದು ಬೇರೆ. ಹಳೇ ವಿಷ್ಯ ಕೇಳಿದ್ರೆ ಬಾಯಿಪಾಠ ಮಾಡಿದ ಹಾಗೆ ಒಪ್ಪಿಸ್ತಾರೆ.”

“ಯಾವಾಗಿಂದ?”

“ಒಂದು ಬೆಳಗ್ಗೆಯಿಂದ. ಹಿಂದಿನ ದಿನ ಸಂಜೆವರೆಗೆ ಸರಿಯಾಗಿದ್ಳು.”

ಅವಳು ಬರೆದುಕೊಳ್ಳುತ್ತಾ ಹೋದಳು. ವ್ಯಕ್ತಿತ್ವದಲ್ಲಿ ಬದಲಾವಣೆ. ಇದ್ದಕ್ಕಿದ್ದಂತೆ ಶುರು. ತಲೆಗೆ ಪೆಟ್ಟು ಬಿದ್ದಿತ್ತಾ, ಜ್ವರ ಬಂದಿತ್ತಾ, ಫಿಟ್ಸ್ ಇತ್ತಾ, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತಾ. ಎಲ್ಲ ಪ್ರಶ್ನೆಗಳೂ ನನ್ನ ಬಗ್ಗೆ. ಇವರು ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟರು. ಒಂದು ಸುಳ್ಳನ್ನೂ ಹೇಳಲಿಲ್ಲ. ನಾನು ಅವಳ ಕಣ್ಣನ್ನೇ ನೋಡುತ್ತಾ, ಇವರನ್ನು ನೋಡು ಮಾರಾಯ್ತಿ, ಇವರನ್ನು ನೋಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ನೋಡಿದಳು. ನೋಡಿ ನನ್ನ ಕಡೆ ತಿರುಗಿ ಮುಗುಳ್ನಕ್ಕಳು.

“ನಿಮ್ಮ ಯಜಮಾನ್ರು ನಿಮ್ಮ ಬಗ್ಗೆ ಎಷ್ಟು ಮರ್ಯಾದೆಯಿಂದ ಮಾತಾಡ್ತಾರೆ. ಇಲ್ಲಿ ಬರೋ ಗಂಡಸರಲ್ಲಿ ಅಪರೂಪ.”

ನಾನು ಇವರ ಚೀಲದ ಕಡೆ ನೋಡಿದೆ.

ಆಮೇಲೆ ಅವಳು ಇವರಿಗೆ ಸ್ವಲ್ಪ ಹೊರಗಿರಿ ಎಂದಳು. ಇವರು ಎದ್ದು, ಚೀಲವನ್ನು ಹೆಗಲಿಗೆ ಏರಿಸಿಕೊಂಡು ಹೊರಗೆ ಹೋದರು. ಮಬ್ಬು ಗಾಜಿನ ಹಿಂದೆ ಇವರ ನೆರಳು ಬಂದು ನಿಂತಿತು. ಬೆಂಚು ಖಾಲಿಯಿತ್ತು, ಕೂರಲಿಲ್ಲ. ಬಾಗಿಲ ಸಂದಿನಲ್ಲಿ ಇವರ ಅಂಗಿಯ ಅಂಚು ಕಾಣುತ್ತಿತ್ತು. ದಾರಿಯುದ್ದಕ್ಕೂ ನಾನು ಕಾದಿದ್ದ ಗಳಿಗೆ ಇದು.

“ಈಗ ಹೇಳಿ ಅಮ್ಮ. ನಿಮಗೆ ಏನನ್ಸುತ್ತೆ?”

ನಾನು ಮುಂದಕ್ಕೆ ಬಾಗಿ ಪಿಸುಗುಟ್ಟಿದೆ. “ಕಾಯಿಲೆ ನನಗಲ್ಲ. ಅವರಿಗೆ.”

ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. “ಹೌದಾ. ಯಾಕೆ ಹಾಗನ್ಸುತ್ತೆ?” ಎಂದು ಕೇಳುತ್ತಲೇ ಬರೆದುಕೊಂಡಳು. ಆ ಕೋಣೆಯಲ್ಲಿ, ಆ ಕುರ್ಚಿಯಲ್ಲಿ ಕೂತವರೆಲ್ಲ ಅದನ್ನೇ ಹೇಳಿರುತ್ತಾರೆ ಎನ್ನುವುದು ನನಗೆ ಆಗ ಹೊಳೆಯಿತು. ಅಳು ಬಂತು, ನಗುವೂ ಬಂತು.

“ಅವರು ನನ್ನನ್ನ…” ಎಂದು ಬಾಯಿ ತೆರೆದೆ. ಬಾಗಿಲು ಕಿರ್ರೆಂದಿತು. ಇವರ ತಲೆ ಒಳಗೆ ಬಂತು.

“ನಿಮಗೆ ನೀರು ಬೇಕಿತ್ತಾ?”

ಬೇಡ ಎಂದು ತಲೆಯಾಡಿಸಿದೆ. ಡಾಕ್ಟರು, “ಆಯ್ತು ಸಾರ್, ಈಗ ಮುಗಿಸ್ತೀವಿ” ಎಂದಳು. ತಲೆ ಹಿಂದಕ್ಕೆ ಹೋಯಿತು, ನೆರಳು ಹೋಗಲಿಲ್ಲ. ಬರೆದು ತೋರಿಸೋಣವೆಂದು ಪೆನ್ನಿಗೆ ಕೈಚಾಚಿದರೆ ಅವಳು ಮೆಲ್ಲಗೆ ಪೆನ್ನನ್ನು ತನ್ನ ಕಡೆಗೆ ಎಳೆದುಕೊಂಡಳು. ಚೂಪಾದ ವಸ್ತುವನ್ನು ರೋಗಿಯ ಕೈಗೆ ಕೊಡಬಾರದೆಂದು ಹೇಳಿಕೊಟ್ಟಿರುತ್ತಾರೆ. ಹೊರಗಿನ ಚೀಲದಲ್ಲಿ ಏನಿದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳುವ ದಾರಿ ಮುಚ್ಚಿತ್ತು. ಉಳಿದದ್ದು ಒಂದೇ. ಈ ಹುಡುಗಿ ನನಗೊಂದು ಕಾಯಿಲೆ ಕೊಟ್ಟರೆ ಇವತ್ತಿಗೆ ನಾನು ಬದುಕಿದೆ. ಕಾಯಿಲೆ ಇದೆ ಎಂದರೆ ನಾನು ಇವರ ಹೆಂಡತಿ, ಇಲ್ಲ ಎಂದರೆ ಯಾರೋ ಮೋಸಗಾತಿ. ಕೌಂಟರಿನಲ್ಲಿ ನಿಂತು ಎಷ್ಟು ಜನರನ್ನು ನೋಡಿಲ್ಲ ನಾನು, ಹುಚ್ಚಿಯ ಹಾಗೆ ನಟಿಸುವುದೇನು ಮಹಾ ವಿದ್ಯೆ ಅಂದುಕೊಂಡೆ.

“ಇವತ್ತು ಯಾವ ವಾರ ಅಮ್ಮ?” ಅವಳ ಪರೀಕ್ಷೆ ಶುರುವಾಯಿತು.

ಮಂಗಳವಾರವಾಗಿತ್ತು. ಬುಧವಾರ ಎಂದೆ.

“ಒಂದು ಕೈಗೆ ಎಷ್ಟು ಬೆರಳು?”

“ಆರು.”

“ನೂರರಿಂದ ಏಳು ಕಳೆದ್ರೆ?”

“ತೊಂಬತ್ತೆರಡು.”

“ಎಂಬತ್ತಾರರಿಂದ ಏಳು ಕಳೆದ್ರೆ?”

“ಎಪ್ಪತ್ತೆಂಟು.”

ದನಕ್ಕೆ ಎಷ್ಟು ಕಾಲು ಎಂದಳು, ಐದು ಎಂದೆ. ಮನೆಗೆ ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದಳು, ಕಿಟಕಿ ಮುಚ್ಚಿ ಮಲಗುತ್ತೇನೆ ಎಂದೆ. ಚೆನ್ನಾಗಿಯೇ ಮಾಡುತ್ತಿದ್ದೇನೆ ಎಂದು ಒಳಗೊಳಗೆ ಬೀಗಿದೆ ಕೂಡ. ಅವಳು ಪೆನ್ನು ಕೆಳಗಿಟ್ಟು, ಮೂಗು ಒರೆಸಿಕೊಂಡು, ನನ್ನ ಕೈ ಮೇಲೆ ಕೈಯಿಟ್ಟಳು.

“ಅಮ್ಮ, ವಾರ, ಬೆರಳು, ಲೆಕ್ಕ, ಎಲ್ಲದ್ರಲ್ಲೂ ಸರಿ ಉತ್ತರಕ್ಕೆ ಒಂದೇ ಒಂದು ಹೆಚ್ಚುಕಮ್ಮಿ. ಸರಿ ಉತ್ತರ ಗೊತ್ತಿಲ್ದೆ ಇಷ್ಟು ಅಚ್ಚುಕಟ್ಟಾಗಿ ತಪ್ಪು ಹೇಳೋಕಾಗಲ್ಲ. ಇದನ್ನ ನಮಗೆ ಮೊದಲನೇ ವರ್ಷದಲ್ಲೇ ಹೇಳಿಕೊಡ್ತಾರೆ.”

ನಾನು ಕೈ ಹಿಂದಕ್ಕೆಳೆದುಕೊಂಡೆ.

“ನಿಮಗೆ ಯಾವ ಕಾಯಿಲೇನೂ ಇಲ್ಲ. ಮನೇಲಿ ಏನೋ ಮುನಿಸು, ಅವರಿಗೇ ಕಾಯಿಲೆ ಅಂತೀರಿ. ಅವರು ನಿಮಗೆ ಅಂತಾರೆ. ಗಂಡ ಹೆಂಡತಿ ಬಂದ್ರೆ ದಿನಾ ಕೇಳೋ ಮಾತೇ ಇದು. ಇಬ್ರೂ ಕೂತು ಮಾತಾಡಿ.”

“ಹಾಗನ್ನಬೇಡಿ” ಎಂದೆ. ಧ್ವನಿ ನನ್ನದೆಂದು ನನಗೇ ಅನ್ನಿಸಲಿಲ್ಲ. “ಏನಾದ್ರೂ ಒಂದು ಬರೀರಿ. ನರ ಅಂತ ಬರೀರಿ, ರಕ್ತ ಅಂತ ಬರೀರಿ. ಕಾಯಿಲೆ ಇಲ್ಲ ಅಂತ ಮಾತ್ರ ಅವರಿಗೆ ಹೇಳ್ಬೇಡಿ.”

“ಇಲ್ಲದ ಕಾಯಿಲೆ ಬರೆಯೋಕಾಗಲ್ಲ ಅಮ್ಮ. ಕಾಯಿಲೆ ಇಲ್ಲ ಅಂದ್ರೆ ಜನ ಖುಷಿಪಡ್ತಾರೆ” ಎಂದು ನಗುತ್ತಾ ಎದ್ದು, ಬಾಗಿಲು ತೆರೆದು, “ಬನ್ನಿ ಸಾರ್” ಎಂದು ಕರೆದೇಬಿಟ್ಟಳು. ಪ್ರಾಮಾಣಿಕರನ್ನು ಕಂಡರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆಂದು ನನಗೆ ಅವತ್ತು ಗೊತ್ತಾಯಿತು.

ಇವರು ಬಂದು ನಿಂತರು. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಒಳ್ಳೇ ಸುದ್ದಿ ಸಾರ್. ಎಲ್ಲ ನೋಡಿದೀನಿ. ಕಾಯಿಲೆ ಅಂತ ಏನೂ ಇಲ್ಲ. ನೆನಪು, ಬುದ್ಧಿ ಎಲ್ಲ ನಮಗಿಂತ ಚುರುಕಾಗಿದೆ.”

“ಖಂಡಿತಾನಾ ಡಾಕ್ಟ್ರೇ? ತಲೆ ಒಳಗೆ ಏನೂ ಇಲ್ವಾ?”

“ಖಂಡಿತ. ಏನೂ ಇಲ್ಲ.”

ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಎಷ್ಟೋ ದಿನದಿಂದ ಗಂಟಿಕ್ಕಿಕೊಂಡಿದ್ದ ಹುಬ್ಬು ಸಡಿಲವಾಯಿತು. ಅನುಮಾನವೆಲ್ಲ ಕಳೆದವರ ನೆಮ್ಮದಿ ಅದು. ನನಗೆ ಆ ನೆಮ್ಮದಿಯಷ್ಟು ಭಯಂಕರವಾದದ್ದನ್ನು ನೋಡಿದ ನೆನಪಿಲ್ಲ. ಡಾಕ್ಟರಿಗೆ ಕೈಮುಗಿದು ಉಪಕಾರವಾಯಿತು ಎಂದರು. ನನ್ನ ಮೊಣಕೈ ಹಿಡಿದರು. ಮೆತ್ತಗೆ ಹಿಡಿದರು, ಆದರೆ ಬಿಡಿಸಿಕೊಳ್ಳುವಂತಿರಲಿಲ್ಲ.

“ಬನ್ನಿ, ಹೋಗೋಣ.”

ಕಿರುಚಬಹುದಿತ್ತು. ಕಿರುಚಿದರೆ ಹೊರಗೆ ಕಾವಲಿದ್ದ ಆಸ್ಪತ್ರೆಯ ಇಬ್ಬರು ಆಳುಗಳು ಓಡಿಬಂದು ನನ್ನನ್ನೇ ಹಿಡಿಯುತ್ತಿದ್ದರು, ಈ ಹುಡುಗಿ ಇದೂ ನಟನೆ ಎನ್ನುತ್ತಿದ್ದಳು, ಇವರು ಪಾಪ ಎಂಬ ಮುಖ ಮಾಡಿ ಸಂಜೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬ್ಲೇಡಿನ ವಿಷಯ ಹೇಳಿದರೆ ಫೋಟೋದವರ ಚೀಲದಲ್ಲಿ ಬ್ಲೇಡ್ ಇರದೆ ಇನ್ನೇನಿರುತ್ತದೆ ಎಂದು ಮುಗಿದುಹೋಗುತ್ತಿತ್ತು. ನಾನು ಏನು ಹೇಳಿದರೂ ನನ್ನ ಲಕ್ಷಣ. ಇವರು ಹೇಳಿದ್ದಕ್ಕೆ ಮಾತ್ರ ಇಲ್ಲಿ ಬೆಲೆ. ಹಾಗಾದರೆ ಇವರ ಬಾಯಿಂದಲೇ ಬರಬೇಕು.

ಈ ಹುಡುಗಿ ನನ್ನನ್ನು ಕೇಳಿದ ರೀತಿ ನೆನಪಾಯಿತು. ನಾನು ಹೇಳಿದ್ದಕ್ಕೆ ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ, ಯಾಕೆ ಹಾಗನ್ನಿಸುತ್ತೆ ಎಂದು ಕೇಳಿದಳು ಅಷ್ಟೇ. ನಾನು ಇವರ ಜೊತೆ ಇಷ್ಟು ದಿನ ಮಾಡಿದ್ದೆಲ್ಲ ವಾದ. ನಾನೇ ನಿಮ್ಮ ಹೆಂಡತಿ, ನಾನೇ, ನಾನೇ. ಆ ಒಂದು ಮಾತನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟಿರಲಿಲ್ಲ. ಬಿಟ್ಟುಕೊಡಲು ಹೊಟ್ಟೆ ಉರಿಯುತ್ತಿತ್ತು.

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಇವರ ಕೈ ಜಾರಿತು.

“ಸ್ಟುಡಿಯೋಗೆ ಹೋಗೋಣ, ನಾನು ಬರ್ತೀನಿ” ಎಂದೆ. “ಅದಕ್ಕೆ ಮುಂಚೆ ಒಂದು ಮಾತು. ನಿಮ್ಮ ಹೆಂಡತಿ ಹೇಗಿದ್ರು?”

ಡಾಕ್ಟರು ಕಡತ ಮುಚ್ಚುತ್ತಿದ್ದವಳು ತಲೆಯೆತ್ತಿದಳು. ಇವರು ನನ್ನನ್ನು ತುಂಬಾ ಹೊತ್ತು ನೋಡಿದರು. ಕಣ್ಣು ತುಂಬಿಕೊಂಡವು.

“ಕೊನೆಗೂ ಒಪ್ಕೊಂಡ್ರಲ್ಲ” ಎಂದರು.

“ಒಪ್ಕೊಂಡೆ. ಹೇಳಿ. ಡಾಕ್ಟ್ರೂ ಕೇಳಲಿ.”

ಇವರು ಕುಸಿದು ಕೂತರು. ಮಾತು ಹೊರಟ ಮೇಲೆ ನಿಲ್ಲಲಿಲ್ಲ.

“ಅವಳಿಗೆ ಬಾಯಿ ಜೋರು. ಬೀದಿ ತುದಿಗೆ ಕೇಳಿಸೋ ಹಾಗೆ ಬೈತಿದ್ಳು. ಬೈದು ಒಂದು ಗಳಿಗೆಗೆ ಬಂದು, ಊಟ ತಣ್ಣಗಾಗ್ತಿದೆ ಅಂತ ಮತ್ತೆ ಬೈತಿದ್ಳು. ಅದೇ ಅವಳು ಕ್ಷಮೆ ಕೇಳೋ ರೀತಿ. ಮಲಗಿದಾಗ ತಣ್ಣಗಿರೋ ಪಾದ ತಂದು ನನ್ನ ಕಾಲಿಗೆ ಒತ್ತಿಬಿಡ್ತಿದ್ಳು, ಬೆಚ್ಚಿಬೀಳ್ತಿದ್ದೆ. ಫೋಟೋ ತೆಗೆಯೋವಾಗ ಒಂದು ಸಲಾನೂ ನೆಟ್ಟಗೆ ನಿಂತವಳಲ್ಲ. ನಗಬೇಡ ಅಂದ್ರೆ ನಗ್ತಿದ್ಳು. ಮಕ್ಕಳಾಗಲ್ಲ ಅಂತ ಗೊತ್ತಾದ ದಿನ, ಹೋಗಲಿ ಬಿಡಿ, ನಿಮ್ಮನ್ನ ಸಾಕೋದೇ ನನಗೆ ಸಾಕಾಗಿದೆ ಅಂದ್ಳು. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಳು. ನಾನು ಕೇಳಿಸಿಕೊಂಡೆ ಅಂತ ಅವಳಿಗೆ ಗೊತ್ತಿಲ್ಲ.”

ಗೊತ್ತಿರಲಿಲ್ಲ ನನಗೆ. ಇಷ್ಟು ವರ್ಷ ಪಕ್ಕದಲ್ಲಿ ಬದುಕಿ ಇವರ ಬಾಯಿಂದ ಇಷ್ಟು ಪ್ರೀತಿಯ ಒಂದು ಮಾತು ಕೇಳಿರಲಿಲ್ಲ. ಈಗ ಕೇಳುತ್ತಿದ್ದೆ, ಸತ್ತವಳ ಬಗ್ಗೆ ಕೇಳುವ ಹಾಗೆ. ಅಳಬಾರದೆಂದು ತುಟಿ ಕಚ್ಚಿಕೊಂಡೆ. ಈಗ ನಾನು ಹೆಂಡತಿಯ ಹಾಗೆ ಅತ್ತರೆ ಎಲ್ಲ ಹಾಳಾಗುತ್ತಿತ್ತು.

“ಆಮೇಲೆ?” ಎಂದಿತು ಒಂದು ಸಣ್ಣ ಧ್ವನಿ. ಡಾಕ್ಟರದು. ಅವಳು ಹೊಸ ಹಾಳೆ ತೆಗೆದುಕೊಂಡಿದ್ದಳು. ಆದರೆ ಪೆನ್ನು ಕಾಗದದ ಮೇಲೆ ಊರಿದಲ್ಲೇ ನಿಂತಿತ್ತು. “ಈಗ ಅವರು ಎಲ್ಲಿದ್ದಾರೆ ಸಾರ್?”

“ಇವರು ಬಚ್ಚಿಟ್ಟಿದ್ದಾರೆ” ಎಂದು ನನ್ನ ಕಡೆ ಕೈ ತೋರಿಸಿದರು. ಕೋಪವಿರಲಿಲ್ಲ. ಚೀಲದಿಂದ ಫೋಟೋ ತೆಗೆದು ಅವಳ ಮುಂದೆ ಜೋಡಿಸಿದರು. “ನೋಡಿ, ಕಿವಿಯ ಹಾಲೆ ನೋಡಿ. ಇವರದಕ್ಕೂ ಅವಳದಕ್ಕೂ ಹೊಂದುತ್ತಾ? ಅಕ್ಕ ನರದ ಕಾಯಿಲೆ ಇರಬಹುದು ಅಂದ್ಳು. ಅದೊಂದು ಆಸೆ ಇತ್ತು ನನಗೆ. ನೀವೇ ಇಲ್ಲ ಅಂದ್ರಲ್ಲ.”

ಅವಳ ಮುಖದ ಬಣ್ಣ ಇಳಿಯಿತು. ಆದರೂ ಆ ಹುಡುಗಿಯನ್ನು ಮೆಚ್ಚಬೇಕು, ಧ್ವನಿ ಏರಿಸಲಿಲ್ಲ. ಕುರ್ಚಿಯಿಂದ ಕದಲಲಿಲ್ಲ.

“ಇಲ್ಲ ಅಂದ ಮೇಲೆ ಏನು ಮಾಡೋಣ ಅಂದ್ಕೊಂಡ್ರಿ?”

“ಸ್ಟುಡಿಯೋದಲ್ಲಿ ಕೂರಿಸಿ ಕೇಳೋದು. ಎಲ್ಲಿಟ್ಟಿದ್ದೀರಿ ಅಂತ.” ಚೀಲಕ್ಕೆ ಕೈ ಹಾಕಿದರು. ಕರ್ಚೀಫು ಬಿಡಿಸಿ ಬ್ಲೇಡನ್ನು ಫೋಟೋಗಳ ಪಕ್ಕದಲ್ಲಿ, ಅಂಚಿಗೆ ಸರಿಯಾಗಿ ಇಟ್ಟರು. “ಬಾಯಲ್ಲಿ ಹೇಳದಿದ್ರೆ ಬೆರಳಿಂದ ಶುರು ಮಾಡೋದು ಅಂದ್ಕೊಂಡಿದ್ದೆ. ನಾನು ಅಂಥವನಲ್ಲ ಡಾಕ್ಟ್ರೇ. ಒಂದು ಇರುವೆ ತುಳಿದವನಲ್ಲ. ಆದ್ರೆ ಅವಳು ಎಲ್ಲೋ ಕತ್ತಲಲ್ಲಿ ಕೂತಿರ್ತಾಳೆ. ನಾನಲ್ದೆ ಇನ್ಯಾರು ಕೇಳ್ಬೇಕು?”

ಬ್ಲೇಡು ನನ್ನ ಕೈಗೂ ಇವರ ಕೈಗೂ ಸಮ ದೂರದಲ್ಲಿತ್ತು. ಡಾಕ್ಟರು ಫೋಟೋಗಳನ್ನು ಒಂದೊಂದಾಗಿ ಎತ್ತಿಕೊಂಡಳು, ಕಿವಿ ನೋಡುವವಳಂತೆ ಬೆಳಕಿಗೆ ಹಿಡಿದಳು, ಕೆಳಗಿಡುವಾಗ ಬ್ಲೇಡನ್ನೂ ಸೇರಿಸಿ ಕಡತದೊಳಗೆ ತೆಗೆದುಕೊಂಡು ತನ್ನ ಮಡಿಲಿಗೆ ಇಳಿಸಿಕೊಂಡಳು.

“ನಿದ್ದೆ ಮಾಡಿ ಎಷ್ಟು ದಿನ ಆಯ್ತು ಸಾರ್?”

“ಗೊತ್ತಿಲ್ಲ. ಮಲಗಿದ್ರೆ ಇವರು ಏನಾದ್ರೂ ಮಾಡ್ತಾರೆ ಅಂತ ಭಯ.”

ಭಯ. ನಾನು ಆ ಮಾತನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡೆ. ನಾನು ಒಂದು ಕೋಣೆಯಲ್ಲಿ ಚಿಲಕ ಹಾಕಿಕೊಂಡು ಇವರಿಗೆ ಹೆದರಿ ಎದ್ದಿರುತ್ತಿದ್ದೆ, ಇವರು ಇನ್ನೊಂದರಲ್ಲಿ ನನಗೆ ಹೆದರಿ. ಪಾಪ ಎನ್ನಿಸಿತು. ಪಾಪ ಎನ್ನಿಸಿದ್ದಕ್ಕೆ ಭಯವೇನೂ ಕಡಿಮೆಯಾಗಲಿಲ್ಲ.

“ಇಲ್ಲಿ ಇವರು ನಿಮ್ಮ ಹತ್ರ ಬರಲ್ಲ” ಎಂದಳು ಡಾಕ್ಟರು. “ಬಾಗಿಲಿಗೆ ಕಾವಲಿದೆ. ಸ್ವಲ್ಪ ದಿನ ಇಲ್ಲೇ ಇರಿ. ಮೊದಲು ನಿದ್ದೆ ಮಾಡಿ. ಈ ಸ್ಥಿತೀಲಿ ನೀವು ಯಾರನ್ನ ಹುಡುಕೋಕಾಗುತ್ತೆ ಹೇಳಿ?”

ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಇವರು ಯೋಚಿಸಿದರು. ಸುಸ್ತಾಗಿದ್ದರು, ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ತಲೆಯಾಡಿಸಿದರು. ಅವಳು ಫೋನಿನಲ್ಲಿ ಹಿರಿಯ ಡಾಕ್ಟರ ಜೊತೆ ಎರಡು ಮಾತಾಡಿದಳು. ಹೊರಗಿನ ಆಳುಗಳಿಬ್ಬರು ಬಂದು ಇವರ ಎಡಬಲಕ್ಕೆ ನಿಂತರು.

ವಾರ್ಡಿನವರೆಗೆ ನಾನು ಹಿಂದೆ ಹಿಂದೆ ಹೋದೆ. ನೀವು ದೂರ ಇರಿ ಅಮ್ಮ ಎಂದು ಡಾಕ್ಟರು ಹೇಳಿದ್ದಳು, ಕ್ಷಮಿಸಿ ಎಂದೂ ಹೇಳಿದ್ದಳು. ಅವಳ ಮೇಲೆ ಸಿಟ್ಟು ಮಾಡಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಕಬ್ಬಿಣದ ಬಾಗಿಲು ತೆಗೆಯುವಾಗ ಇವರು ತಿರುಗಿ ನಿಂತು, ಅವರ ಜೊತೆ ಒಂದು ಮಾತಾಡಬೇಕು ಎಂದು ಆಳುಗಳನ್ನು ಕೇಳಿದರು. ಅವರು ಡಾಕ್ಟರ ಮುಖ ನೋಡಿದರು. ಅವಳು ನನ್ನ ಮುಖ ನೋಡಿದಳು. ನಾನು ಆಗಲಿ ಎಂದೆ.

ಇವರು ನನಗೆ ಕೈಮುಗಿದರು.

“ನೋಡಿ ತಾಯಿ, ನೀವು ಯಾರ ಮನೆಯವರೋ, ಯಾಕೆ ಹೀಗೆ ಮಾಡಿದ್ರೋ ನನಗೆ ಗೊತ್ತಿಲ್ಲ. ನಿಮ್ಮ ಮೇಲೆ ದ್ವೇಷ ಇಲ್ಲ. ಅವಳನ್ನ ಮನೆಗೆ ಕಳಿಸಿಕೊಡಿ. ಬಾಯಿ ಅಷ್ಟೇ ಜೋರು ಅವಳದು, ಒಬ್ಬಳೇ ಇದ್ರೆ ಹೆದರ್ತಾಳೆ.”

“ಕಳಿಸ್ತೀನಿ” ಎಂದೆ.

“ನಾನು ಹುಡುಕಿದೆ ಅಂತ ಅವಳಿಗೆ ಹೇಳ್ತೀರಾ? ಸುಮ್ಮನೆ ಕೂತಿದ್ದ ಅಂದ್ಕೊಂಡುಬಿಡ್ತಾಳೆ.”

ಹೇಳುತ್ತೇನೆ ಎಂದೆ. ಇವರು ನನ್ನ ಮುಖವನ್ನು ಇನ್ನೊಮ್ಮೆ, ಫೋಟೋಕ್ಕೆ ಕೂತವರನ್ನು ನೋಡುವಂತೆ ನೋಡಿ, ಇಲ್ಲವೆಂಬಂತೆ ತಲೆಯಾಡಿಸಿ ಒಳಗೆ ನಡೆದರು.